ಕೇಸ್ ಮುಗಿದರೂ ಏರ್‌ಪೋರ್ಟ್‌ನಲ್ಲಿ ತಡೆ! ಏನಿದು ಲುಕ್‌ಔಟ್ ಸರ್ಕ್ಯುಲರ್?

ಮಂಗಳೂರು: ವೀಸಾ ಇದೆ, ಟಿಕೆಟ್ ಇದೆ, ಬೋರ್ಡಿಂಗ್ ಪಾಸ್ ಕೂಡ ಕೈಗೆ ಬಂದಿದೆ. ಆದರೂ ಇಮಿಗ್ರೇಷನ್ ಕೌಂಟರ್‌ನಲ್ಲಿ ‘ಸ್ವಲ್ಪ ಬದಿಗೆ ನಿಲ್ಲಿ’ ಅಂತಾರೆ. ಗಲ್ಫ್‌ಗೆ ಹೊರಟವರನ್ನು ಹೀಗೆ ತಡೆಯುವುದಕ್ಕೆ ಒಂದು ಕಾರಣ ಲುಕ್‌ಔಟ್ ಸರ್ಕ್ಯುಲರ್, ಅಂದ್ರೆ ಎಲ್‌ಒಸಿ.

ಯಾರು ಹೊರಡಿಸ್ತಾರೆ?
ಠಾಣೆಯ ಮಟ್ಟದಲ್ಲೇ ಇದು ಆಗಲ್ಲ. ಜಿಲ್ಲೆಯಲ್ಲಿ ಕನಿಷ್ಠ ಎಸ್‌ಪಿ ದರ್ಜೆಯ ಅಧಿಕಾರಿಯ ಒಪ್ಪಿಗೆ ಬೇಕು. ಮನವಿ ಹೋದ ಮೇಲೆ ಬ್ಯೂರೋ ಆಫ್ ಇಮಿಗ್ರೇಷನ್ ಹೆಸರನ್ನು ಪಟ್ಟಿಗೆ ಸೇರಿಸುತ್ತದೆ. ಮುಂಚಿತವಾಗಿ ನೋಟಿಸ್ ಬರಲ್ಲ. ಹಾಗಾಗಿ ಹಲವರಿಗೆ ವಿಷಯ ಗೊತ್ತಾಗೋದೇ ಕೌಂಟರ್‌ನಲ್ಲಿ.

ಎಲ್ಲರನ್ನೂ ತಡೀತಾರಾ?
ಇಲ್ಲ. ಸಂಜ್ಞೇಯ ಅಪರಾಧದ ಕೇಸ್ ಇಲ್ಲದಿದ್ದರೆ ಸಾಮಾನ್ಯವಾಗಿ ತಡೆಯುವಂತಿಲ್ಲ. ಪ್ರಯಾಣಿಕ ಬಂದ, ಹೋದ ಮಾಹಿತಿಯನ್ನಷ್ಟೇ ಪೊಲೀಸರಿಗೆ ತಿಳಿಸಬೇಕು.

ಕೇಸ್ ಮುಗಿದರೆ ತಾನಾಗಿ ರದ್ದಾಗುತ್ತಾ?
ಎಡವೋದು ಇಲ್ಲೇ. ಮೊದಲು ಎಲ್‌ಒಸಿಗೆ ಒಂದು ವರ್ಷದ ಅವಧಿ ಇತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ಎಲ್‌ಒಸಿ ಕೇಳಿದವರೇ ‘ತೆಗೆಯಿರಿ’ ಎಂದು ಬರೆಯುವ ತನಕ ಹೆಸರು ಹಾಗೇ ಇರುತ್ತೆ. ರಾಜಿಯಾಗಲಿ, ಖುಲಾಸೆಯಾಗಲಿ, ತಾನಾಗಿ ಅಳಿಯಲ್ಲ.

ಏನು ಮಾಡಬೇಕು?
ಕೋರ್ಟ್ ಆದೇಶದ ದೃಢೀಕೃತ ಪ್ರತಿಯೊಂದಿಗೆ, ಎಲ್‌ಒಸಿ ಕೇಳಿದ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ಸ್ಪಂದನೆ ಸಿಗದಿದ್ದರೆ ವಕೀಲರ ಮೂಲಕ ವಿಚಾರಣಾ ನ್ಯಾಯಾಲಯ ಅಥವಾ ಹೈಕೋರ್ಟ್‌ಗೆ ಹೋಗಬಹುದು. ಕೇಸ್ ಇನ್ನೂ ನಡೀತಿದ್ದರೆ ತನಿಖಾಧಿಕಾರಿ ಎದುರು ಹಾಜರಾಗಿ, ಪ್ರಯಾಣಕ್ಕೆ ಕೋರ್ಟ್ ಅನುಮತಿ ಕೇಳಿ. ಇದೆಲ್ಲ ಟಿಕೆಟ್ ಬುಕ್ ಮಾಡುವ ಮೊದಲೇ ಆಗಲಿ. ರಜೆ ಮುಗಿಸಿ ಕೆಲಸಕ್ಕೆ ಮರಳುವವರಿಗೆ ಒಂದು ವಿಮಾನ ತಪ್ಪಿದರೆ ಕೆಲಸವೇ ತಪ್ಪಬಹುದು.