ಭೂಮಿಯ ಕಂಬಳಿ

ಮಾಗಿಯ ಇರುಳಿನಲ್ಲಿ ಕಂಬಳಿ ಹೊದೆಯುವಾಗಲೆಲ್ಲ ನನಗೊಂದು ವಿಚಾರ ಹೊಳೆಯುತ್ತದೆ: ಕಂಬಳಿ ತಾನಾಗಿ ಬಿಸಿಯಲ್ಲ, ಮೈಯ ಕಾವನ್ನು ಹೊರಗೆ ಹೋಗಗೊಡದು, ಅಷ್ಟೆ. ಭೂಮಿಗೆ ವಾಯುಮಂಡಲವೇ ಅಂಥ ಹೊದಿಕೆ. ಸೂರ್ಯನ ಬೆಳಕು ಅದನ್ನು ಹಾಯ್ದು ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಸೂಸುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹೀರಿಕೊಂಡು, ಒಂದಂಶವನ್ನು ನೆಲಕ್ಕೇ ಮರಳಿಸುತ್ತವೆ. ಈ ಅನಿಲಗಳ ಹೀರುವ ಗುಣವನ್ನು 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲನು ಅಳೆದು ತೋರಿಸಿದನು. ಹೊದಿಕೆಯಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು. ಅದರ ದಯೆಯಿಂದ ಸುಮಾರು 15 ಡಿಗ್ರಿಯಿದೆ.

ಆದರೆ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳತೆ ಮೊದಲಾದ 1958ರಲ್ಲಿ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಕಂಬಳಿಯನ್ನು ದಪ್ಪಗೊಳಿಸಿದವರು ನಾವೇ. ಸೆಕೆಯಾದರೆ ನನ್ನ ಕಂಬಳಿಯನ್ನು ನಾನು ಸರಿಸಿಯೇನು. ಭೂಮಿಗೆ ಕೈಯಿಲ್ಲ, ಹೊದಿಸಿದ ಕೈಯೇ ತಡೆಯಬೇಕು.