ಹಿರೇಬೆಣಕಲ್ಲಿನ ಗುಡ್ಡದ ಮೇಲೆ

ನಮ್ಮ ನವಲಿಯ ಸೀಮೆಯವರಿಗೆ ಕಲ್ಲುಗುಡ್ಡಗಳು ಹೊಸವಲ್ಲ. ಆದರೆ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ಲಿನ ಗುಡ್ಡವನ್ನು ಕಾಲ್ನಡಿಗೆಯಿಂದಲೇ ಕಾಣಬೇಕು. ಕುರುಚಲು ಕಾಡು, ಮುಳ್ಳುಕಂಟಿ, ಬೋಳುಬಂಡೆಗಳನ್ನು ದಾಟಿ ಏರಿದರೆ, ಕ್ರಿ.ಪೂ. 800ರಿಂದ 200ರ ನಡುವಣವೆಂದು ವಿದ್ವಾಂಸರು ಎಣಿಸುವ ಸುಮಾರು 400 ಶಿಲಾಸಮಾಧಿಗಳು ಎದುರಾಗುತ್ತವೆ. ಜನರು ಇವನ್ನು ‘ಮೋರ್ಯರ ಮನೆ’ಗಳೆನ್ನುತ್ತಾರೆ. ಕೆಲವಕ್ಕೆ ದುಂಡು ಕಿಂಡಿಗಳೂ ಉಂಟು. ಆದರೆ ಇವು ಬದುಕಿದ್ದವರ ಮನೆಗಳಲ್ಲ, ಸತ್ತವರ ಸ್ಮಾರಕಗಳು.

ಇಷ್ಟು ದೊಡ್ಡ ಚಪ್ಪಡಿಗಳನ್ನು ಮೇಲಕ್ಕೆ ಹೊತ್ತವರು ಯಾರು? ನನಗೆ ಉತ್ತರ ದೊರೆತುದು ಕಾಲ ಕೆಳಗಣ ಬಂಡೆಯಲ್ಲಿ. ಮೇಲಣ ಭಾರವು ಯುಗಯುಗಗಳಿಂದ ಸವೆದುಹೋದಂತೆ ಗ್ರಾನೈಟ್ ಶಿಲೆಯು ಈರುಳ್ಳಿಯಂತೆ ಪದರು ಪದರಾಗಿ ಬಿಡುತ್ತದೆ. ಬಿಸಿಲು ಮಳೆಗಳು ಆ ಬಿರುಕನ್ನು ಹಿಗ್ಗಿಸುತ್ತವೆ. ಹಾಗೆ ಬಿಟ್ಟ ಪದರನ್ನು ಅಲ್ಲಿಯೇ ಎಬ್ಬಿಸಿ, ಗೋಡೆಗಳಾಗಿ ನಿಲ್ಲಿಸಿ, ಮೇಲೊಂದು ಹಾಸುಗಲ್ಲನ್ನು ಮುಚ್ಚಿದರು. ಕಲ್ಲು ತೆಗೆದ ತಗ್ಗು ಇಂದು ನೀರಿನ ಹೊಂಡವಾಗಿದೆ.

2021ರಲ್ಲಿ ಈ ನೆಲೆಯು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೆ ಪಟ್ಟಿಯು ಕಾವಲು ಕಾಯಲಾರದು. ಚಪ್ಪಡಿಗಳನ್ನು ಹಿಡಿದು ನಿಲ್ಲಿಸಿರುವುದು ಗಾರೆಯಲ್ಲ, ಅವುಗಳ ಭಾರವೇ. ಎಷ್ಟೋ ಗೂಡುಗಳು ಈಗಾಗಲೇ ಉರುಳಿವೆ. ಛಾಯಾಚಿತ್ರಕ್ಕಾಗಿ ಮೇಲೇರಿದವನೊಬ್ಬನ ತೂಕವು ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಸಮತೋಲವನ್ನು ಕೆಡಿಸಬಲ್ಲದು.

ಮಿತ್ರರು ಚಳಿಗಾಲದ ಮುಂಜಾನೆ, ನೀರನ್ನು ಜೊತೆಗಿಟ್ಟುಕೊಂಡು ಹೊರಡಲಿ. ಕರಡಿಗಳ ಸೀಮೆಯಾದುದರಿಂದ ಹೊತ್ತು ಮುಳುಗುವ ಮೊದಲೇ ಇಳಿಯುವುದು ಲೇಸು. ಗೂಡುಗಳ ನಡುವೆ ನಡೆಯೋಣ. ಅವುಗಳ ಮೇಲೆ ಬೇಡ.