ನಾಲಗೆಯ ಮೇಲೆ ಕುದಿದ ಜೊಲ್ಲು

1966ರ ಡಿಸೆಂಬರ್ 14. ಹ್ಯೂಸ್ಟನ್‌ನ ನಾಸಾ ಕೇಂದ್ರದಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ಕೋಣೆಯೊಳಗೆ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞ ಗಗನಯಾತ್ರಿಯ ಉಡುಪು ತೊಟ್ಟು ನಿಂತಿದ್ದರು. ಉಡುಪಿಗೆ ಗಾಳಿ ಒದಗಿಸುತ್ತಿದ್ದ ಕೊಳವೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿಗೆ ಅವರು ಹಿಂದಕ್ಕೆ ಕುಸಿದುಬಿದ್ದರು. ನಾಲಗೆಯ ಮೇಲಿನ ಜೊಲ್ಲು ಗುಳುಗುಳು ಕುದಿಯತೊಡಗಿದ್ದೇ ಪ್ರಜ್ಞೆ ತಪ್ಪುವ ಮುಂಚಿನ ಕೊನೆಯ ನೆನಪು.

ಕುದಿಯಿತು ಎಂದರೆ ಸುಟ್ಟಿತು ಎಂದಲ್ಲ. ಗಾಳಿಯ ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಎತ್ತರದ ಬೆಟ್ಟಗಳಲ್ಲಿ ಅನ್ನ ಸರಿಯಾಗಿ ಬೇಯದಿರುವುದು ಇದರಿಂದಲೇ. ನೆಲದಿಂದ ಸುಮಾರು 19 ಕಿ.ಮೀ. ಮೇಲೆ ನಮ್ಮ ಮೈಬಿಸಿಯೇ ನೀರನ್ನು ಕುದಿಸಲು ಸಾಕು. ಮಾಂಸದೊಳಗಿನ ತೇವ ಆವಿಯಾಗಿ ಮೈ ಊದಿಕೊಳ್ಳುತ್ತದೆ. ಆದರೆ ಸಿನಿಮಾಗಳಲ್ಲಿ ತೋರಿಸುವಂತೆ ದೇಹ ಸಿಡಿಯುವುದಿಲ್ಲ, ನಮ್ಮ ಚರ್ಮ ಅಷ್ಟು ಗಟ್ಟಿ. 1960ರಲ್ಲಿ ಬಲೂನಿನಲ್ಲಿ 31 ಕಿ.ಮೀ. ಏರಿ ಧುಮುಕಿದ ಜೋ ಕಿಟಿಂಗರ್ ಅವರ ಬಲಗೈ ಗವಸಿನಲ್ಲಿ ಒತ್ತಡ ನಿಲ್ಲಲಿಲ್ಲ. ಕೈ ಊದಿ ದಪ್ಪವಾಯಿತು; ನೆಲಕ್ಕಿಳಿದ ಕೆಲವು ಗಂಟೆಗಳಲ್ಲಿ ಮೊದಲಿನಂತಾಯಿತು.

ಗಾಳಿಯಿಲ್ಲದ ಶೂನ್ಯದಲ್ಲಿ ಕ್ಷಣಾರ್ಧಕ್ಕೇ ಹೆಪ್ಪುಗಟ್ಟುತ್ತೇವೆ ಎಂಬುದೂ ಸುಳ್ಳು. ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ಗಾಳಿಯೇ ಇಲ್ಲ. ಗೋಡೆಗಳ ನಡುವೆ ಗಾಳಿಯಿಲ್ಲದ ಫ್ಲಾಸ್ಕಿನಲ್ಲಿ ಕಾಫಿ ಆರದಿರುವುದೂ ಹೀಗೆಯೇ.

ಕೊಲ್ಲುವುದು ಶ್ವಾಸಕೋಶದೊಳಗಿನ ವಿಪರೀತ. ಅಲ್ಲಿ ರಕ್ತ ಆಮ್ಲಜನಕವನ್ನು ಪಡೆಯುವ ಬದಲು ಶೂನ್ಯಕ್ಕೆ ಬಿಟ್ಟುಕೊಡುತ್ತದೆ. ಬರಿದಾದ ಆ ರಕ್ತ ಮಿದುಳು ತಲುಪಲು ಹತ್ತು ಹನ್ನೆರಡು ಸೆಕೆಂಡು ಸಾಕು. ನೀರಿಗೆ ಬಿದ್ದವರಂತೆ ಉಸಿರು ಬಿಗಿಹಿಡಿದರೆ ಇನ್ನೂ ಕೇಡು: ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಬಿಡುತ್ತದೆ.

ಲೆಬ್ಲಾಂಕ್ ಇದ್ದ ಕೋಣೆಗೆ ಸಹೋದ್ಯೋಗಿಗಳು ತಕ್ಷಣ ಗಾಳಿ ತುಂಬಿದರು. ಅವರಿಗೆ ಉಳಿದದ್ದು ಕಿವಿನೋವು ಮಾತ್ರ.

1971ರ ಜೂನ್ 30ರಂದು ಸೋವಿಯತ್ ನೌಕೆ ಸೋಯುಜ್ 11ರಲ್ಲಿ ಬಾಹ್ಯಾಕಾಶದಿಂದ ಮರಳುತ್ತಿದ್ದ ಗಗನಯಾತ್ರಿಗಳಾದ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಅವರಿಗೆ ಹಾಗೆ ಗಾಳಿ ತುಂಬುವವರು ಯಾರೂ ಇರಲಿಲ್ಲ. 168 ಕಿ.ಮೀ. ಎತ್ತರದಲ್ಲಿ, ನೌಕೆಯ ಭಾಗಗಳು ಬೇರ್ಪಡುವಾಗಿನ ಅದಿರಾಟಕ್ಕೆ ಒಂದು ಕವಾಟ ತೆರೆದುಕೊಂಡಿತು. ಅದನ್ನು ಕೈಯಿಂದ ಮುಚ್ಚಲು ಬೇಕಾದಷ್ಟು ಹೊತ್ತು ಪ್ರಜ್ಞೆ ಉಳಿಯಲಿಲ್ಲ. ಗಗನಯಾತ್ರಿಗಳ ಉಡುಪನ್ನು ಯಾರೂ ತೊಟ್ಟಿರಲಿಲ್ಲ. ಮೂವರು ಅದನ್ನು ತೊಟ್ಟು ಕೂರುವಷ್ಟು ಜಾಗ ಆ ಪುಟ್ಟ ಕೋಶದಲ್ಲಿರಲಿಲ್ಲ. ನೌಕೆ ತಾನಾಗಿಯೇ ಕಜಕಸ್ತಾನದಲ್ಲಿ ಸುರಕ್ಷಿತವಾಗಿ ಇಳಿಯಿತು. ಬಾಗಿಲು ತೆರೆದವರು ಕಂಡದ್ದು ಆಸನಗಳಲ್ಲೇ ಉಸಿರು ನಿಂತಿದ್ದ ಮೂವರನ್ನು. ಕೃತಕ ಉಸಿರಾಟ ಕೊಟ್ಟರೂ ಫಲಿಸಲಿಲ್ಲ.

1973ರಲ್ಲಿ ಸೋಯುಜ್ ಮತ್ತೆ ಜನರನ್ನು ಹೊತ್ತು ಹಾರಿದಾಗ ಒಳಗಿದ್ದವರು ಇಬ್ಬರೇ. ಇಬ್ಬರೂ ಒತ್ತಡದ ಉಡುಪು ತೊಟ್ಟಿದ್ದರು. ಮೂರನೆಯವರು ಕೂರಬೇಕಿದ್ದ ಜಾಗದಲ್ಲಿ ಆ ಉಡುಪುಗಳಿಗೆ ಗಾಳಿ ಒದಗಿಸುವ ಸಲಕರಣೆ ಇತ್ತು.